ಗುಬ್ಬಿ ಎಣಿಸಿದ ನಿಮಿಷ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ — ಇತಿಹಾಸದ ಪುಟದ ಅಕ್ಷರಗಳು ಮಸುಕಾಗಿ ಮತ್ತೆ ಕಪ್ಪಾದವು, ಕಿಟಕಿಯ ಮುಂದೆ ಮೋಡ ಹಾದುಹೋದ ಹಾಗೆ, ಆದರೆ ಹೊರಗೆ ಬಿಸಿಲು ಚುರುಗುಟ್ಟುತ್ತಿದೆ, ಮೋಡ ಎಲ್ಲಿಂದ ಬರಬೇಕು, ಮುದ್ರಣವೇ ಕಳಪೆ, ಅವಳು ಆ ಪುಸ್ತಕವನ್ನು ಎಡಗಡೆಯ ರಾಶಿಗೆ ತಳ್ಳಿದಳು, ಎಡಗಡೆಯದು ವಾಪಸ್ ಹೋಗುವುದು, ಬಲಗಡೆಯದು ಉಳಿಯುವುದು, ಊಟದ ಮೇಜಿನ ಮೇಲೆ ಒಂದು ಲೋಟ ಇಡಲೂ ಜಾಗವಿಲ್ಲ, ಭಾಷೆಗೆ ಎರಡು ಮಾದರಿ ಪುಸ್ತಕ, ಗಣಿತಕ್ಕೆ ಸುಲಭದ್ದು ಕೆಂಪು ರಟ್ಟಿನದು, ಕಷ್ಟದ್ದು ನೀಲಿ ರಟ್ಟಿನದು, ವಿಜ್ಞಾನಕ್ಕೆ ಪುಸ್ತಕದ ಜೊತೆ ಒಂದು ಪೆಟ್ಟಿಗೆ, ಭೂತಗನ್ನಡಿ, ದಾರ, ಸ್ಟಾಪ್‌ವಾಚ್, ಸಂಜೆಯೊಳಗೆ ಎಲ್ಲ ಆರಿಸಿ ಮುಗಿಸಬೇಕು, ಕಾಲೇಜಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ರಾಸಾಯನಿಕ ತೂಗಿದವಳಿಗೆ ನಾಲ್ಕು ವಿಷಯದ ಪುಸ್ತಕ ತೂಗುವುದು ಯಾವ ಮಹಾ, ಹಾಗೆಂದೇ ಅತ್ತಿಗೆಗೆ ಹೇಳಿದ್ದಳು, ಅತ್ತಿಗೆ ಬಿಡುವವಳೇ, ಅಲ್ಲ ಕಣೇ, ಮನೇಲೇ ಪಾಠ ಅಂತ ಮಗೂಗೆ ಶಾಲೆ ಬಿಡಿಸ್ದೆ, ನೀನೂ ಕೆಲಸ ಬಿಟ್ಟೆ, ನಾಳೆ ನೀನೇ ಮಲಗಿಬಿಟ್ರೆ ನಿನ್ನ ಶಾಲೆಗೆ ರಜಾನಾ, ಅವಳು ನಕ್ಕುಬಿಟ್ಟಿದ್ದಳು, ಸರಿಯುತ್ತರಕ್ಕೆ ಕೆಂಪು ಗೀಟು ಎಳೆಯುವ ಟೀಚರ ಕೈಗೆ ಮಗುವನ್ನು ಮತ್ತೆ ಹೇಗೆ ಒಪ್ಪಿಸುವುದು, ಉತ್ತರ ಸರಿಯಿದೆ ಮೇಡಂ, ಆದ್ರೆ ನಾವು ಹೇಳಿಕೊಟ್ಟ ರೀತೀಲಿ ಬಂದಿಲ್ಲ, ಎಷ್ಟು ತಣ್ಣಗೆ ಅಂದಿದ್ದರು ಆಕೆ, ಅಂದಿನಿಂದ ಗುಬ್ಬಿ — ಒಂಬತ್ತು ವರ್ಷದ ಮಗಳು, ಊಟದಲ್ಲಿ ಕಾಳು ಹೆಕ್ಕುತ್ತ ಕೂರುವುದಕ್ಕೆ ಅಪ್ಪ ಇಟ್ಟ ಹೆಸರು — ಏನು ಬರೆದರೂ ಕೈ ಅಡ್ಡ ಇಟ್ಟು ಮುಚ್ಚಿಕೊಳ್ಳುತ್ತಿದ್ದಳು, ಈಗಲೂ ಹಾಳೆಯನ್ನು ಅರ್ಧ ಮುಚ್ಚಿಕೊಂಡೇ ತಂದು ನಿಂತಿದ್ದಾಳೆ, ವಿಜ್ಞಾನದ ಮೊದಲ ಪಾಠ, ಮನೆಯವರೊಬ್ಬರ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆಯಿರಿ, ಆಗಲೇ ಬಂದು ಅಮ್ಮನ ಎಡಗೈ ಹಿಡಿದು ಎಣಿಸಿಕೊಂಡು ಹೋಗಿದ್ದಳು, ಅಮ್ಮ ಬಲಗೈಯಲ್ಲಿ ಭಾಷೆಯ ಪುಸ್ತಕ ಮಗುಚುತ್ತಿದ್ದಳು, ಮೂವತ್ತಾರು ಎಂದು ಬರೆದಿದೆ, ಪಾಪ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಮರೆತಿದೆ, ಅವಳು ಅದರ ಮೇಲೆ ಗೀಟೆಳೆದು ಎಪ್ಪತ್ತೆರಡು ಎಂದು ಬರೆದಳು, ಗಣಿತ ಇನ್ನೂ ಹಿಂದಿದೆ, ನೀಲಿ ಪುಸ್ತಕ ಎಡಕ್ಕೆ, ಕೆಂಪು ಬಲಕ್ಕೆ. ಇಲ್ಲಮ್ಮ, ಪೂರ್ತಿ ಅರವತ್ತು ಸೆಕೆಂಡ್ ಎಣಿಸ್ದೆ. ಸುಮ್ನಿರು ಗುಬ್ಬಿ, ಮೂವತ್ತಾರು ಇರೋದು ಆಮೆಗೆ, ನಿಮ್ಮಮ್ಮ ಏನು ಆಮೆನಾ? ಮತ್ತೆ ಮೆಟ್ಟಿಲು ಹತ್ತುವಾಗ ಆಮೆ ಥರಾನೇ ಹತ್ತುತ್ತೀಯಲ್ಲ.

ಬಾಯಿ ಜೋರು, ಎಂದುಕೊಂಡಳು, ತೋರಿಸಿಯೇ ಬಿಡೋಣ ಎಂದು ತನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು, ನೋಡು, ಹೀಗೆ ಹಿಡೀಬೇಕು, ಒಂದು — ಆಮೇಲೆ ಬೆರಳ ಕೆಳಗೆ ಏನೂ ಇಲ್ಲ, ಸರಿಯಾಗಿ ಹಿಡಿದಿಲ್ಲವೇನೋ, ಒತ್ತಿದಳು, ಎರಡು — ಮತ್ತೆ ಏನೂ ಇಲ್ಲ, ಸ್ಟಾಪ್‌ವಾಚಿನ ಅಂಕಿಗಳು ಓಡುತ್ತಿವೆ, ಬೆರಳು ಕಾಯುತ್ತಿದೆ, ಮೂರು, ಇನ್ನೊಂದು ಕೈ, ಕತ್ತು, ಎಲ್ಲಿ ಮುಟ್ಟಿದರೂ ಅದೇ ಬಿಡುವು, ಬಡಿತ ಬರುತ್ತದೆ, ಆಮೇಲೆ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂಥ ಖಾಲಿ, ಹಾಗಾದರೆ ಅಕ್ಷರ ಮಸುಕಾದದ್ದು ಮುದ್ರಣದಿಂದಲ್ಲ, ಮೋಡ ಹಾದದ್ದು ತನ್ನ ತಲೆಯೊಳಗೆ, ಮೊನ್ನೆ ಪಾತ್ರೆ ತೊಳೆಯುವಾಗ ನಲ್ಲಿ ಹಿಡಿದು ನಿಂತದ್ದು, ನಿದ್ದೆ ಸಾಲದು ಎಂದುಕೊಂಡದ್ದು, ಮೆಟ್ಟಿಲ ಮೇಲೆ ಚಪ್ಪಲಿ ಸರಿಮಾಡುವ ನೆಪದಲ್ಲಿ ಕೂತದ್ದು, ನೆಪವೆಂದು ತನಗೇ ಗೊತ್ತಿಲ್ಲದೆ ಕೂತದ್ದು, ಎಷ್ಟು ಸಲ ಹೇಳಿದ್ದಳು ಕಾಲೇಜಿನ ಹುಡುಗರಿಗೆ, ಬಂದ ಅಳತೆ ನಂಬೋಕಾಗ್ದಿದ್ರೆ ಅಳಿಸ್ಬೇಡಿ, ಬರ್ದಿಟ್ಟು ಆಮೇಲೆ ಕಾರಣ ಹುಡುಕಿ, ಈಗ ತಾನೇ ನೋಡಿದ ಕೂಡಲೇ ಗೀಟೆಳೆದಿದ್ದಾಳೆ, ಬೇಕಾದ ಸಂಖ್ಯೆ ಬರೆದಿದ್ದಾಳೆ, ಅದೂ ಕೆಂಪು ಪೆನ್ನಿನಲ್ಲಿ, ಕೈಗೆ ಸಿಕ್ಕಿದ್ದು ಅದೇ. ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವ ಗಂಡನಿಗೆ ಫೋನು, ರೀ, ನನ್ನ ನಾಡಿ ಮೂವತ್ತಾರಿದೆ, ಅವನು ನಕ್ಕ, ಏನು, ಇಂಜಿನ್ ಟ್ಯೂನಿಂಗ್‌ಗೆ ಬಂದಿದ್ಯಾ, ಆಮೇಲೆ ಅವಳ ಉಸಿರು ಕೇಳಿಸಿತೇನೋ, ನಗು ನಿಂತಿತು, ಎದ್ದೇಳ್ಬೇಡ, ಬಾಗಿಲು ಗುಬ್ಬಿ ತೆಗೀಲಿ, ಆಂಬುಲೆನ್ಸ್‌ಗೆ ಹೇಳ್ತೀನಿ, ನಾನೂ ಹೊರಟೆ, ಕೇಳಿಸ್ತಾ, ಎದ್ದೇಳ್ಬೇಡ.

ಗುಬ್ಬಿ ಚಿಲಕ ತೆಗೆದು ಬಂದು ಪಕ್ಕದಲ್ಲಿ ನಿಂತಿತು, ಮುಖ ಸುಣ್ಣದ ಹಾಗೆ, ಅಮ್ಮಾ ನಾನೇ ತಪ್ಪು ಎಣಿಸಿರ್ಬೇಕು, ಎಪ್ಪತ್ತೆರಡೇ ಇರುತ್ತೆ, ಅರ್ಧ ನಿಮಿಷಾನೇ ಎಣಿಸ್ದೆ ಅನ್ಸುತ್ತೆ, ಮಗು ಸುಳ್ಳು ಹೇಳುತ್ತಿದೆ, ಜೀವಮಾನದಲ್ಲಿ ಮೊದಲ ಸಲ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿದೆ, ಇಲ್ಲ ಗುಬ್ಬಿ, ನೀನು ಸರಿಯಾಗೇ ಎಣಿಸಿದ್ದೀಯ, ತಪ್ಪು ನಂದು, ಬಾ, ಇನ್ನೊಂದ್ಸಲ ಎಣಿಸು, ಬರೋ ಡಾಕ್ಟ್ರಿಗೆ ನೀನೇ ಹೇಳ್ಬೇಕು, ಮಗಳ ಬೆರಳು ತಣ್ಣಗೆ, ಸಣ್ಣಗೆ, ಸರಿಯಾದ ಜಾಗಕ್ಕೇ ಬಂದು ಕೂತಿತು, ಭಾಗಾಕಾರ ಇನ್ನೂ ಅರ್ಧ ಹೇಳಿಕೊಟ್ಟದ್ದು, ಶಾಲೆಯಲ್ಲಿ ಈಗ ಸೇರಿಸಿಕೊಳ್ಳುತ್ತಾರೋ ಇಲ್ಲವೋ, ಇವಳಿಗೆ ಯಾರು — ಬೆರಳು, ಬೆರಳ ಕೆಳಗೆ ಬಡಿತ, ಆಮೇಲೆ ಬರಿಯ ಬೆರಳು — ನೀಲಿ ಪುಸ್ತಕವೇ ಇರಲಿ, ನೀಲಿಯದೇ — ಬರಿಯ ಬೆರಳು, ಕಾಯುತ್ತಿರುವ ಬೆರಳು — ಬಡಿತ — ಬರಿಯ ಬೆರಳು —

ಅಮ್ಮಾ, ಪೂರ್ತಿ ಒಂದು ನಿಮಿಷಕ್ಕೆ ಮೂವತ್ತನಾಲ್ಕು.