ಏಳನೆಯ ಹಾಡು

“ಆರು ಹಾಡು ಮುಗೀತು. ಯೇಸುವಿನ ಹೆಸರು ಬಂದಿದ್ದು ಎರಡೇ ಸಲ,” ಎನ್ನುತ್ತಾ ಕ್ಲೋಟೀಲ್ ಮೇಬ್ರಿ ಪೆನ್ಸಿಲ್ ಕೆಳಗಿಟ್ಟರು. “ಅದರಲ್ಲೂ ಒಂದ್ಸಲ ಕಾರು ಕೆಟ್ಟು ನಿಂತಾಗ.”

“ಅದು ಹಾಡಲ್ಲ ಕಣೇ, ಸಿನಿಮಾದ ಮಾತು. ನಡುವೆ ತುರುಕಿದಾರೆ,” ಎಂದರು ವರ್ನೀಸ್ ಟಾಲ್ಬರ್ಟ್.

“ಇರ್ಲಿ ಬಿಡು. ಪಾಪ ಅಂತ ಸೇರಿಸ್ಕೊಂಡೆ.”

ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಆರ್ಜೀಲಿಯಾ ಪ್ರುಯಿಟ್ ನಗಲೂ ಇಲ್ಲ, ಗದರಲೂ ಇಲ್ಲ. ಬೇರೆ ದಿನವಾಗಿದ್ದರೆ ಎರಡರಲ್ಲಿ ಒಂದು ಖಂಡಿತ ಆಗುತ್ತಿತ್ತು. ಅವರು ಕೇಳುತ್ತಿದ್ದ ಸಿನಿಮಾ ಆಲ್ಬಮ್ಮಿನ ಏಳನೆಯ ಹಾಡಿನಲ್ಲಿ ದನಿಗೂಡಿಸಿದ್ದ ಡೆನೀಟಾ ಆರ್ಜೀಲಿಯಾರ ಮಗಳು. ಭಾನುವಾರ ಲಾಸ್ ಏಂಜಲೀಸಿನಲ್ಲಿ ತಲೆಯೊಳಗಿನ ರಕ್ತನಾಳ ಒಡೆದು ತೀರಿಕೊಂಡಿದ್ದಳು.

ಬುಧವಾರದ ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯ ಊಟದ ಕೋಣೆ. ಮೂವರೂ ನಮ್ಮ ಚರ್ಚಿನ ಹಿರಿಯ ಹೆಂಗಸರ ಕೂಟವಾದ ತಾಯಂದಿರ ಮಂಡಳಿಯವರು. ಮೆಂಫಿಸಿನ ನಮ್ಮ ಬೀದಿಯಲ್ಲಿ ಪಾಸ್ಟರ್ ಮಾತನ್ನಾದರೂ ಮೀರಬಹುದು, ಇವರದನ್ನು ಮೀರಿ ಸುಖವಾಗಿ ಇದ್ದವರನ್ನು ನಾನಂತೂ ಕಂಡಿಲ್ಲ. ಶನಿವಾರ ಡೆನೀಟಾಳ ಅಂತ್ಯಕ್ರಿಯೆ. ಅವಳು ಹಾಡಿದ ಆ ಏಳನೆಯ ಹಾಡನ್ನು ಶವಪೆಟ್ಟಿಗೆಯ ಮುಂದೆ ನಿಂತು ಹಾಡುತ್ತೇವೆ ಎಂದು ಗಾಯನ ತಂಡದ ಹುಡುಗಿಯರು ಕೇಳಿದ್ದರು. ನಾಲ್ಕು ಗಂಟೆಗೆ ಕಾರ್ಯಕ್ರಮದ ಹಾಳೆ ಅಚ್ಚಿಗೆ ಹೋಗಬೇಕು. ನಮ್ಮ ಪಾಸ್ಟರ್ ಜಾಣರು, ಹೌದೋ ಅಲ್ಲವೋ ನೀವೇ ಹೇಳಿ ಎಂದು ಇವರ ತಲೆಗೆ ಕಟ್ಟಿ ಆಸ್ಪತ್ರೆಯ ರೋಗಿಗಳನ್ನು ನೋಡಲು ಹೊರಟುಹೋದರು.

ಚರ್ಚಿನೊಳಗೆ ಸಿನಿಮಾ ಹಾಡು ಕೂಡದು ಎಂಬ ನಿಯಮ ಮಾಡಿದವರು ಆರ್ಜೀಲಿಯಾ ಅವರೇ. ಹಾಡುವುದಾದರೆ ದೇವರಿಗೆ ಹಾಡು, ಇಲ್ಲವಾದರೆ ಬಾಯಿ ಮುಚ್ಚು ಎಂದು ಮಗಳಿಗೂ ಹೇಳಿದ್ದರು. ಇಪ್ಪತ್ತೆರಡರ ಹುಡುಗಿ ಅವತ್ತೇ ಬಸ್ಸು ಹತ್ತಿದಳು. ಹನ್ನೆರಡು ವರ್ಷದ ಹಿಂದೆ ವರ್ನೀಸರ ಗಂಡ ತೀರಿಕೊಂಡಾಗ, ಅವನು ದಿನಾ ಗುನುಗುತ್ತಿದ್ದ ಸಿನಿಮಾ ಹಾಡೊಂದನ್ನು ಹಾಡಿಸೋಣ ಅಂದದ್ದಕ್ಕೆ, “ಇದು ದೇವರ ಮನೆ, ಥಿಯೇಟರ್ ಅಲ್ಲ,” ಎಂದು ಅದಕ್ಕೂ ಕಲ್ಲು ಹಾಕಿದ್ದರು.

ಈ ಆಲ್ಬಮ್ ನಾಲ್ಕು ವರ್ಷದ ಹಿಂದೆ ಬಂದಾಗ ಅದರ ಬಗ್ಗೆ ಅಭಿಪ್ರಾಯ ಇಲ್ಲದವರು ನಮ್ಮ ಬೀದಿಯ ನಾಯಿಗಳು ಮಾತ್ರ. ಮುಂದೆ ನಿಂತ ನಟಿಗಿಂತ ಹಿಂದೆ ನಿಂತವರೇ ಚೆನ್ನಾಗಿ ಹಾಡಿದ್ದಾರೆ ಎಂದಿತು ಕ್ಷೌರದಂಗಡಿ. ಡ್ರಮ್ಮು ಜಾಸ್ತಿಯಾಯಿತು, ಪವಿತ್ರಾತ್ಮ ಕಮ್ಮಿಯಾಯಿತು ಎಂದರು ಚರ್ಚಿನ ಹಿರಿಯರಾದ ಡೀಕನ್ನರು, ಎಂದವರೇ ಕಾರಿನಲ್ಲಿ ಅದನ್ನೇ ಹಾಕಿಕೊಂಡು ತಿರುಗಿದರು. ಡೆನೀಟಾ ತಾಯಿಗೊಂದು, ವರ್ನೀಸರಿಗೊಂದು ಪ್ರತಿ ಕಳಿಸಿದ್ದಳು. ವರ್ನೀಸ್ ಬಟ್ಟೆ ಒಗೆಯುವ ದಿನವೆಲ್ಲ ಕೇಳಿದರು. ಆರ್ಜೀಲಿಯಾ ಮೇಲಿನ ಕಾಗದವನ್ನೂ ಹರಿಯದೆ ಮೇಜುಹಾಸುಗಳ ಡ್ರಾಯರಿಗೆ ಹಾಕಿದರು. ಭಾನುವಾರ ಭಾನುವಾರ ಮಗಳು ಫೋನು ಮಾಡುತ್ತಿದ್ದಳು. ಮಂಡಿ ನೋವು, ಮಳೆ, ಔಷಧಿ. ಕೇಳಿದೆಯಾ ಎಂದು ಅವಳು ಕೇಳಲಿಲ್ಲ, ಕೇಳಿಲ್ಲ ಎಂದು ಇವರು ಹೇಳಲಿಲ್ಲ.

ಅವಳು ಹೋದ ಸುದ್ದಿ ಬಂದಾಗಿನಿಂದ ಆರ್ಜೀಲಿಯಾರಿಗೆ ಏನೂ ಅನಿಸುತ್ತಿರಲಿಲ್ಲ. ಅಪ್ಪಿಕೊಂಡು ಅಳಲು ಬಂದವರು ಒಣ ಕರವಸ್ತ್ರ ಮಡಚಿಕೊಂಡು ವಾಪಸಾದರು. ಇವರು ಪರದೆ ಒಗೆದರು, ಫ್ರಿಜ್ ಒರೆಸಿದರು. ಜನ ತಂದಿಟ್ಟ ಹುರಿದ ಕೋಳಿ, ಮೆಕರೋನಿ, ಪೀಚ್ ಹಣ್ಣಿನ ಸಿಹಿ ಎಲ್ಲದಕ್ಕೂ ಒಂದೇ ರುಚಿ, ಒದ್ದೆ ಕಾಗದದ್ದು.

“ಏಳನೇದು,” ಎಂದು ವರ್ನೀಸ್ ಪ್ಲೇಯರಿನ ಗುಂಡಿ ಒತ್ತಿದರು.

ಪಿಯಾನೋ ಶುರುವಾಯಿತು. ತಂಡ ಸೇರುವ ಮೊದಲು ಮೂವರು ಹೆಂಗಸರು ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ. ಮೊದಲನೆಯದು ದಪ್ಪ ದನಿ.

“ಇವಳು ನಮ್ಮ ಪೈಕಿ ಅಲ್ಲ, ಬ್ಯಾಪ್ಟಿಸ್ಟ್ ಚರ್ಚಿನವಳು,” ಎಂದರು ಕ್ಲೋಟೀಲ್. “ಎಷ್ಟು ಹುಷಾರಾಗಿ ಹಾಡ್ತಾಳೆ ನೋಡು, ಬಿಳೀ ಬಟ್ಟೆಗೆ ಸಾರು ಬೀಳುತ್ತೇನೋ ಅನ್ನೋ ಥರ.”

ಎರಡನೆಯದು ತೆಳುವಾಗಿ ಮೇಲೇರಿತು. ಸಾಲಿನ ಕೊನೆಗೆ ಸ್ವಲ್ಪ ಒಡೆಯಿತು. ಮೂವತ್ತು ವರ್ಷ ಗಾಯನ ತಂಡಕ್ಕೆ ಹುಡುಗಿಯರನ್ನು ಆರಿಸಿದ ಆರ್ಜೀಲಿಯಾರ ಬಾಯಿ ತಾನಾಗಿ ತೆರೆದುಕೊಂಡಿತು.

“ಇದು ಬರೀ ಗಂಟಲ ಹಾಡು. ಒಳಗಿಂದ ಬಂದಿಲ್ಲ. ಉಸಿರು ಕದೀತಾಳೆ. ನನ್ನ ಮುಂದೆ ಹಾಡಿದ್ರೆ ಹಿಂದಿನ ಸಾಲಿಗೆ ಕಳಿಸ್ತಿದ್ದೆ.”

ಕ್ಲೋಟೀಲ್ ತಲೆ ತಗ್ಗಿಸಿದರು. ಮೂರನೆಯವಳು ಎರಡು ಸಾಲು ಹಾಡಿ, ತಂಡ ಎದ್ದು ಕೂಗುವ ಹೊತ್ತಿಗೆ ವರ್ನೀಸ್ ಹಾಡು ನಿಲ್ಲಿಸಿದರು.

“ಯಾಕೆ ನಿಲ್ಲಿಸ್ದೆ? ನನ್ನ ಮಗಳು ಇನ್ನೂ ಬಂದಿಲ್ಲ.”

“ಬಂದು ಹೋದ್ಲು, ಆರ್ಜೀಲಿಯಾ.”

“ಮೊದಲನೇದಾ?”

ವರ್ನೀಸ್ ಅಲ್ಲವೆಂದು ತಲೆಯಾಡಿಸಿದರು. ಕ್ಲೋಟೀಲ್, “ಈ ಹಾಡಿನ ಪೆಟ್ಟಿಗೇನೇ ಸರಿ ಇಲ್ಲ ಮಾರಾಯ್ತಿ, ಎಲ್ಲಾರೂ ಒಂದೇ ಥರ ಕೇಳಿಸ್ತಾರೆ,” ಎಂದರು.

“ಎರಡನೇದು,” ಎಂದು ಆರ್ಜೀಲಿಯಾ ತಾವೇ ಹೇಳಿಕೊಂಡರು. “ಅವಳ ದನಿ ಹೀಗಿರಲಿಲ್ಲ. ತುಂಬಿದ ದನಿ ಇತ್ತು.”

“ಇಪ್ಪತ್ತೆರಡಕ್ಕೆ ಇತ್ತು. ನೀನು ಆಮೇಲೆ ಕೇಳಲೇ ಇಲ್ವಲ್ಲ.”

“ಪ್ರತಿ ವಾರ ಫೋನಲ್ಲಿ ಮಾತಾಡ್ತಿದ್ಲು.”

“ಮಾತಾಡ್ತಿದ್ಲು,” ಎಂದರು ವರ್ನೀಸ್.

ಆರ್ಜೀಲಿಯಾ ತಮ್ಮೊಳಗೆ ನಾಚಿಕೆಗಾಗಿ ಹುಡುಕಿದರು. ಅದೂ ಸಿಗಲಿಲ್ಲ. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

“ನೀನೇ ಹೇಳು ವರ್ನೀಸ್,” ಎಂದರು ಆರ್ಜೀಲಿಯಾ. “ಬೇಡ ಅಂದ್ರೆ ಬೇಡ. ನಿನಗೆ ಆ ಹಕ್ಕಿದೆ.”

“ಇದೆ. ಹನ್ನೆರಡು ವರ್ಷದಿಂದ ಜೋಪಾನವಾಗಿ ಇಟ್ಕೊಂಡಿದೀನಿ.” ವರ್ನೀಸ್ ಕನ್ನಡಕ ತೆಗೆದು ಉಡುಪಿನ ಅಂಚಿಗೆ ಒರೆಸಿದರು. “ಇವತ್ತು ಬೆಳಿಗ್ಗೆ ಬರುವಾಗಲೂ ಬೇಡ ಅನ್ನೋದು ಅಂತಲೇ ಬಂದೆ. ನಿನ್ನ ಮುಖ ಹೇಗಾಗುತ್ತೆ ನೋಡ್ಬೇಕಿತ್ತು.”

“ನೋಡು.”

ವರ್ನೀಸ್ ನೋಡಿದರು. ಅಲ್ಲಿ ನೋಡಲು ಏನೂ ಇರಲಿಲ್ಲ.

“ಹಾಡ್ಲಿ,” ಎಂದರು ಕೊನೆಗೆ. “ಬರ್ಕೋ ಕ್ಲೋಟೀಲ್. ಪ್ರಾರ್ಥನೆ ಆದ್ಮೇಲೆ, ಪ್ರವಚನಕ್ಕೆ ಮುಂಚೆ.”

ಕ್ಲೋಟೀಲ್ ಬರೆದುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಆಫೀಸಿಗೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

“ಇನ್ನೊಂದ್ಸಲ ಹಾಕು,” ಎಂದರು ಆರ್ಜೀಲಿಯಾ. “ಅವಳು ಎಲ್ಲಿ ಬರ್ತಾಳೆ ತೋರ್ಸು. ನನಗೆ ಗೊತ್ತಾಗಲ್ಲ.”

ವರ್ನೀಸ್ ಹಾಡು ಹಾಕಿ ಪಕ್ಕದ ಕುರ್ಚಿಗೆ ಬಂದರು. ಪಿಯಾನೋ ಕಳೆಯಿತು, ದಪ್ಪ ದನಿ ಕಳೆಯಿತು. ಸಂಧಿವಾತಕ್ಕೆ ಸೊಟ್ಟಗಾದ ತೋರುಬೆರಳನ್ನು ವರ್ನೀಸ್ ಮೇಲೆತ್ತಿ ಹಿಡಿದರು. ಆರ್ಜೀಲಿಯಾ ಉಸಿರು ಬಿಗಿಹಿಡಿದು ಆ ಬೆರಳನ್ನೇ ನೋಡುತ್ತಾ ಕೂತರು. ನಾಲ್ಕು ಸಾಲಾದ ಮೇಲೆ ಬೆರಳು ಕೆಳಗಿಳಿಯಿತು.

“ಆಯ್ತಾ?”

“ಆಯ್ತು.”

“ಇನ್ನೊಂದ್ಸಲ ಎತ್ತು,” ಎಂದರು ಆರ್ಜೀಲಿಯಾ.