ಹೂಗಾಲಣ್ಣನ ಬ್ರೇಕು

ಆರು ಲಾರಿಗಳ ಕಂಪನಿ ಅಂದರೆ ಕೇಳುವವರಿಗೆ ದೊಡ್ಡದಾಗಿ ಕಾಣುತ್ತದೆ. ಅದರ ಪಾಡು ನಡೆಸುವವರಿಗೇ ಗೊತ್ತು. ಒಂದರ ಟೈರು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದರ ಗೇರ್‌ಬಾಕ್ಸ್ ಮುನಿಸಿಕೊಂಡಿರುತ್ತದೆ. ಅಪ್ಪ ತೀರಿಕೊಂಡ ಮೇಲೆ ಈ ಆರೂ ಗಾಡಿಗಳು ಮಗಳ ಕೊರಳಿಗೆ ಬಿದ್ದಿದ್ದವು. ಅವಳಿಗೆ ಈಗ ನಲವತ್ತೆರಡು. ಡ್ರೈವರ್‌ಗಳೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ಒಬ್ಬ ಮಾತ್ರ ಎಲ್ಲರ ಎದುರಿಗೇ ‘ಮರಿ’ ಅಂತ ಕರೆಯುತ್ತಿದ್ದ.

ಆ ಒಬ್ಬನೇ ಹೂಗಾಲಣ್ಣ. ಅಪ್ಪ ಮೊದಲ ಲಾರಿ ಕೊಂಡ ದಿನ ಅದರ ಸ್ಟೇರಿಂಗ್ ಹಿಡಿದವನು. ಪೆಡಲ್ ಮೇಲೆ ಇವನ ಕಾಲು ಹೂವಿನಷ್ಟು ಹಗುರವಾಗಿ ಬೀಳುತ್ತದೆ ಅಂತ ಯಾರೋ ತಮಾಷೆಗೆ ಇಟ್ಟ ಅಡ್ಡಹೆಸರು ಅಂಟಿಕೊಂಡು ಮೂವತ್ತೊಂದು ವರ್ಷವಾಗಿತ್ತು. ಅವಳಿಗೆ ಮಾತ್ರ ಅವನು ಮಾವ. ಶಾಲೆಗೆ ರಜೆ ಬಂತೆಂದರೆ ಅವಳ ಮನೆ ಆ ಲಾರಿಯ ಕ್ಯಾಬಿನ್ನು. ಸರಕು ತುಂಬಿಕೊಳ್ಳುವ ಬಣ್ಣದ ಫ್ಯಾಕ್ಟರಿಯಿಂದ ಲಾರಿ ಷೆಡ್ಡಿಗೆ ಮೂವತ್ತೆಂಟು ಕಿಲೋಮೀಟರ್. ಅಷ್ಟು ದೂರದಲ್ಲಿ ಮಾವ ಎಷ್ಟು ಸಲ ಬ್ರೇಕ್ ತುಳಿಯುತ್ತಾನೆ ಅಂತ ಎಣಿಸುವುದೇ ಅವರಿಬ್ಬರ ಆಟ.

“ಬ್ರೇಕ್ ತುಳಿದೆ ಅಂದ್ರೆ ಇಷ್ಟು ಹೊತ್ತು ಸುಟ್ಟ ಡೀಸೆಲ್ಲೆಲ್ಲ ಗಾಳಿಗೆ ಹೋಯ್ತು ಅಂತ ತಿಳ್ಕೋ ಮರಿ,” ಅನ್ನುತ್ತಿದ್ದ. “ದೂರದಲ್ಲೇ ನೋಡ್ಬೇಕು. ನೋಡಿ ಸುಮ್ನೆ ಕಾಲೆತ್ತಬೇಕು. ಗಾಡಿ ತಾನಾಗೇ ಮಾತು ಕೇಳುತ್ತೆ.”

ಒಂದು ಸಲ ಇಡೀ ದಾರಿಗೆ ಏಳೇ ಏಳು ಬ್ರೇಕು. ಅವಳು ಕ್ಯಾಬಿನ್ನಿನಿಂದ ಹಾರಿ ಓಡಿಹೋಗಿ ಅಪ್ಪನಿಗೆ ಹೇಳಿದಳು. ಅಪ್ಪ ನಂಬಲಿಲ್ಲ. “ಇಬ್ರೂ ಸೇರಿ ನನ್ನ ಕಿವಿಗೆ ಹೂ ಇಡ್ತಿದ್ದೀರಿ,” ಅಂದ. ಅವತ್ತು ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಸಂಜೆಯವರೆಗೆ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಹದಿನೆಂಟು ತುಂಬಿದ ಮೇಲೆ ಅದೇ ಮಾವನೇ ಅವಳಿಗೆ ಡ್ರೈವಿಂಗ್ ಕಲಿಸಿದ. ಮುಂದೆ ಲಾರಿ ಓಡಿಸುವ ಲೈಸೆನ್ಸೂ ಮಾಡಿಸಿದ.

ಹೋಗಲಿ, ಹಳೆಯ ಕಾಲ ಎಷ್ಟು ಚೆಂದವಿದ್ದರೂ ಅದರಿಂದ ಟ್ಯಾಂಕು ತುಂಬುವುದಿಲ್ಲ. ಡೀಸೆಲ್ಲಿನ ದುಡ್ಡು ಕೊಡುವ ಫ್ಯಾಕ್ಟರಿಯವರು ಈ ವರ್ಷ ಖಡಾಖಂಡಿತವಾಗಿ ಹೇಳಿಬಿಟ್ಟರು: ಆರೂ ಗಾಡಿಗಳ ಸರಾಸರಿ ಲೀಟರಿಗೆ ಐದು ಕಿಲೋಮೀಟರ್ ಬರದಿದ್ದರೆ ಮುಂದಿನ ತಿಂಗಳಿಂದ ಸಾಗಣೆ ಬೇರೆಯವರಿಗೆ. ಅವಳು ಸೆರಗು ಸಿಕ್ಕಿಸಿ ನಿಂತಳು. ವಾರಕ್ಕೆರಡು ಸಲ ಟೈರಿನ ಗಾಳಿ ನೋಡಿಸಿದಳು. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದ ಟಾರ್ಪಾಲುಗಳನ್ನು ಬಿಗಿಯಾಗಿ ಕಟ್ಟಿಸಿದಳು. ಗಾಡಿ ನಿಂತಾಗ ಇಂಜಿನ್ ಆಫ್ ಮಾಡದವರ ಜನ್ಮ ಜಾಲಾಡಿದಳು. ಕೊನೆಗೆ ಪ್ರತಿ ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯೊಂದನ್ನು ಹಾಕಿಸಿದಳು. ಎಷ್ಟು ಡೀಸೆಲ್ ಸುಟ್ಟಿತು, ಎಷ್ಟು ಬ್ರೇಕ್ ಬಿತ್ತು, ಎಲ್ಲವನ್ನೂ ಅದು ಬರೆದಿಡುತ್ತಿತ್ತು. ಯಂತ್ರಕ್ಕೆ ದಾಕ್ಷಿಣ್ಯ ಎಲ್ಲಿಂದ ಬರಬೇಕು?

ಮೂರು ವಾರದಲ್ಲಿ ಐದು ಗಾಡಿಗಳು ಐದರ ಗೆರೆ ದಾಟಿದವು. ಆರನೆಯದು ಮೂರೂವರೆಗೆ ಇಳಿದಿತ್ತು. ಅದು ಹೂಗಾಲಣ್ಣನ ಗಾಡಿ.

“ಟ್ಯಾಂಕಿಂದ ಯಾರೋ ಡೀಸೆಲ್ ಇಳಿಸ್ಕೊಳ್ತಿದ್ದಾರೆ ಅಂತ ಮಾತು ಬರ್ತಿದೆ ಅಕ್ಕ,” ಅಂದ ಮೆಕ್ಯಾನಿಕ್, ಕೈಯ ಗ್ರೀಸ್ ಒರೆಸಿಕೊಳ್ಳುತ್ತ.

“ಯಾರ ಬಾಯಿಂದ ಬಂತೋ ಅವರನ್ನ ಇಲ್ಲಿಗೆ ಕಳಿಸು,” ಅಂದಳು ಅವಳು. ಆ ದನಿ ಕೇಳಿ ಮೆಕ್ಯಾನಿಕ್ ಸದ್ದಿಲ್ಲದೆ ಗಾಡಿಯ ಕೆಳಗೆ ನುಸುಳಿದ. ಒಂದು ಗಂಟೆ ತಡಕಾಡಿ ಹೊರಬಂದು, “ಇಂಜಿನ್ನು ಚಿನ್ನದಂಗಿದೆ. ಎಲ್ಲೂ ಸೋರಿಕೆ ಇಲ್ಲ. ನೀವು ಆ ಬ್ರೇಕಿನ ಲೆಕ್ಕ ಒಂದ್ಸಲ ನೋಡಿ,” ಅಂದ.

ಅವಳು ನೋಡಿದಳು. ಅದೇ ಫ್ಯಾಕ್ಟರಿ, ಅದೇ ಮೂವತ್ತೆಂಟು ಕಿಲೋಮೀಟರ್. ನೂರ ನಲವತ್ತು ಬ್ರೇಕು. ಹಿಂದಿನ ದಿನ ನೂರ ಐವತ್ತೆರಡು. ಏಳೇ ಏಳು ಅಂತ ಕೂಗಿಕೊಂಡು ಓಡಿಬಂದಿದ್ದ ಹುಡುಗಿ ಆ ಅಂಕಿಗಳನ್ನು ಇನ್ನೊಂದು ಸಲ ಓದಿದಳು. ಅಂಥ ಮಾವನಿಗೆ ಗಾಡಿಯಿಂದ ಇಳಿ ಅಂತ ತಾನೇ ಹೇಳಬೇಕಾಗುತ್ತದಲ್ಲ ಅನ್ನುವುದೊಂದೇ ಅವಳ ಚಿಂತೆ. ಕಂಪನಿಯ ಚಿಂತೆ ಆಮೇಲಿನದು.

ಮಾರನೆಯ ಬೆಳಿಗ್ಗೆ ಅವಳೇ ಹೋಗಿ ಅವನ ಪಕ್ಕದ ಸೀಟಿನಲ್ಲಿ ಕೂತಳು. “ಇವತ್ತು ನಾನೂ ಬರ್ತೀನಿ ಮಾವ.”

“ಬಾ, ಅದಕ್ಕೇನಂತೆ,” ಅಂದ ಅವನು, ಅವಳ ಮುಖ ನೋಡದೆ.

ಕ್ಯಾಬಿನ್ನಿನಲ್ಲಿ ಅದೇ ವಾಸನೆ: ಡೀಸೆಲ್ಲು, ಬಿಸಿಯಾದ ರೆಕ್ಸಿನ್ನು, ಅವನ ತಲೆಗೆಣ್ಣೆ. ಕಣ್ಣು ಮುಚ್ಚಿದ್ದರೆ ಅವಳಿಗೆ ಮತ್ತೆ ಹನ್ನೆರಡು ವರ್ಷವೇ ಆಗಿಬಿಡುತ್ತಿತ್ತು. ಮುಚ್ಚಲು ಅವನು ಬಿಟ್ಟರೆ ತಾನೆ! ಪಕ್ಕದ ಓಣಿಯಿಂದ ಒಂದು ಸ್ಕೂಟರ್ ಬಂತು, ಗಕ್ಕನೆ ಬ್ರೇಕು. ತಳ್ಳುಗಾಡಿಯವನು ರಸ್ತೆಗಿಳಿದ, ಮತ್ತೆ ಬ್ರೇಕು. ಅವಳು ಮಡಿಲಲ್ಲಿ ಬೆರಳು ಮಡಚಿ ಎಣಿಸುತ್ತಲೇ ಇದ್ದಳು. ಮಾರುಕಟ್ಟೆ ದಾಟುವಷ್ಟರಲ್ಲಿ ಮೂವತ್ತೊಂದು. ವಿಚಿತ್ರವೆಂದರೆ ದೂರದ ಸಿಗ್ನಲ್ಲು ಕೆಂಪಾದರೆ ಅವನ ಕಾಲು ಹಿಂದಿನಂತೆಯೇ ಮೆಲ್ಲಗೆ ಏಳುತ್ತಿತ್ತು. ಎಡವಟ್ಟಾಗುತ್ತಿದ್ದದ್ದೆಲ್ಲ ಪಕ್ಕದಿಂದ ಬಂದವುಗಳ ಹತ್ತಿರ.

ಮುಂದಿನ ತಿರುವಿನಲ್ಲಿ ಸೈಕಲ್ಲಿನ ಮೇಲೆ ಒಬ್ಬ ಹೆಂಗಸು ಎಡಗಡೆಯಿಂದ ಬರುತ್ತಿದ್ದಳು, ಹಿಂದೆ ತರಕಾರಿಯ ಚೀಲ. ಲಾರಿಯ ವೇಗ ಇಳಿಯಲಿಲ್ಲ.

“ಮಾವ, ಎಡಗಡೆ ಸೈಕಲ್ಲು!”

ಅವನು ತುಳಿದ. ಅವಳ ಹಣೆ ಗಾಜಿಗೆ ತಗುಲುವುದು ಕೂದಲೆಳೆಯಲ್ಲಿ ತಪ್ಪಿತು. ಹೆಂಗಸು ಇಬ್ಬರನ್ನೂ ದುರುಗುಟ್ಟಿ ನೋಡಿ ಮುಂದೆ ಹೋದಳು.

ಆಮೇಲೆ ಅವಳು ಏನು ಮಾಡಿದಳೆಂದರೆ, ಅದೂ ಇದೂ ಮಾತಾಡುತ್ತ ನಡುನಡುವೆ ರಸ್ತೆಯನ್ನು ಹೇಳತೊಡಗಿದಳು. “ನಮ್ಮ ಚಿಕ್ಕ ಮಗಳಿಗೆ ಲೆಕ್ಕ ಅಂದ್ರೆ ಜ್ವರ ಬರುತ್ತೆ ಮಾವ, ಬಲಗಡೆಯಿಂದ ಹಾಲಿನ ವ್ಯಾನು, ಥೇಟ್ ನನ್ನ ಥರಾನೇ.” ಅವನ ಕಾಲು ಏಳುತ್ತಿತ್ತು, ಗಾಡಿ ಸುಮ್ಮನೆ ತೇಲುತ್ತಿತ್ತು. “ಲೆಕ್ಕ ನಿಮ್ಮಪ್ಪನಿಗೂ ಅಷ್ಟಕ್ಕಷ್ಟೇ,” ಅಂತ ಅವನು ನಕ್ಕ. ಉಳಿದ ದಾರಿಗೆ ಒಂಬತ್ತೇ ಬ್ರೇಕು. ಫ್ಯಾಕ್ಟರಿಯ ಗೇಟು ಬಂದಾಗ ಅವಳಿಗೆ ಇಳಿಯಲು ಮನಸ್ಸೇ ಬರಲಿಲ್ಲ. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ.

ಬಣ್ಣದ ಡಬ್ಬಿಗಳನ್ನು ತುಂಬಿಸಿಕೊಂಡು ಹೊರಡುವಾಗ ಅವಳು ಎಲ್ಲ ಯೋಚಿಸಿಟ್ಟಿದ್ದಳು. “ನಾಳೆಯಿಂದ ನಿನ್ನ ಪಕ್ಕ ಒಬ್ಬರನ್ನ ಕೂರಿಸ್ತೀನಿ ಮಾವ. ಮಾತಿಗೆ ಜೊತೆಯಾಗುತ್ತೆ.”

ಅವನು ಒಂದು ಕಿಲೋಮೀಟರ್ ಹೋಗಿ, ರಸ್ತೆ ಅಗಲವಾದ ಕಡೆ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ ಇಂಜಿನ್ ಆಫ್ ಮಾಡಿದ.

“ಮೂರು ತಿಂಗಳಾಯ್ತು ಡಾಕ್ಟರ್ ಹೇಳಿ,” ಅಂದ. “ಕಣ್ಣಿನ ನರ ಒಣಗ್ತಾ ಇದೆಯಂತೆ. ನೇರ ಮುಂದಿದ್ದದ್ದು ಎಷ್ಟು ದೂರ ಇದ್ರೂ ಕಾಣುತ್ತೆ ಮರಿ. ಪಕ್ಕದ್ದು ಇಲ್ಲ. ಕೊಳವೆ ಒಳಗಿಂದ ನೋಡಿದ ಹಾಗೆ. ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂತ ಕಣ್ಣಿಗೆ ಬಿಡೋಕೆ ಹನಿ ಔಷಧಿ ಕೊಟ್ಟಿದ್ದಾರೆ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ತಳ್ಕೊಂಡು ಬಂದೆ. ತಪ್ಪು ಮಾಡ್ದೆ. ಈ ಸೀಟು ಬಿಟ್ರೆ ನಾನು ಯಾರು ಅಂತ ನನಗೇ ಗೊತ್ತಿಲ್ಲ.” ಅವನು ಸ್ಟೇರಿಂಗಿನಿಂದ ಕೈ ತೆಗೆದಿರಲಿಲ್ಲ.

“ಅದಕ್ಕೇ ಹೇಳಿದ್ದು, ಪಕ್ಕದಲ್ಲಿ ಒಬ್ಬರು ಇದ್ರೆ—”

“ಇವತ್ತು ನೀನಿದ್ದೆ. ಆ ಹೆಂಗಸು ಮನೆಗೆ ಹೋದ್ಲು. ಬಾಯಿ ತೆರೆಯೋಷ್ಟರಲ್ಲಿ ಯಾವುದೋ ಮಗು ಓಡಿಬಂದ್ರೆ? ನೀನು ನನ್ನ ಉಳಿಸ್ಕೋಬೇಕು ಅಂತಿದ್ದೀಯ. ನಂಗೂ ಆಸೆ ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದು ಆಗೋ ಮಾತಲ್ಲ. ಬೇರೆಯವರು ಕೂತ್ರೆ ಈ ಗಾಡಿ ಐದಲ್ಲ, ಐದೂವರೆ ಕೊಡುತ್ತೆ. ಗಾಡಿದೇನೂ ತಪ್ಪಿಲ್ಲ.”

ಅವಳಿಗೆ ಅಳು ಬಂತು, ತಡೆಯಲಿಲ್ಲ. ಅವನು ಅವಳ ತಲೆ ನೇವರಿಸಿ, ಕೀಲಿಯನ್ನು ಹಾಗೇ ಬಿಟ್ಟು ಕೆಳಗಿಳಿದ. ಅವಳು ಈಚೆ ಸರಿದು ಅವನ ಸೀಟಿನಲ್ಲಿ ಕೂತಳು. ಮೂವತ್ತೊಂದು ವರ್ಷ ಕೂತು ಕೂತು ಸವೆಸಿದ ಗುಳಿ ಅವಳಿಗೆ ದೊಡ್ಡದಾಯಿತು. ಅವನು ಲಾರಿಯ ಮುಂದಿನಿಂದ ಸುತ್ತಿ ಆ ಕಡೆ ಹೋದ. ಎಷ್ಟು ಹೊತ್ತಾದರೂ ಹತ್ತಲಿಲ್ಲ. ಬಗ್ಗಿ ನೋಡಿದರೆ, ಬಾಗಿಲ ಹಿಡಿಗೆ ತಡಕಾಡುತ್ತ ನಿಂತಿದ್ದಾನೆ. ಆ ಕಡೆಯಿಂದ ಅವನು ಯಾವತ್ತೂ ಗಾಡಿ ಹತ್ತಿದವನೇ ಅಲ್ಲ. ಅವಳು ಒಳಗಿನಿಂದ ಬಾಗಿಲು ತೆಗೆದಳು.

ಗಾಡಿ ಹೊರಟಿತು. ಅವನು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಈ ಸಲ ಅವಳು ಬ್ರೇಕು ಎಣಿಸಲಿಲ್ಲ. ಊರು ಹತ್ತಿರ ಬಂದಾಗ ಏನೋ ಅಲುಗಿದಂತೆ ಕಂಡು ಓರೆಗಣ್ಣಿನಲ್ಲಿ ನೋಡಿದಳು. ಖಾಲಿ ನೆಲದ ಮೇಲೆ ಊರಿದ್ದ ಅವನ ಬಲಗಾಲು ತನ್ನಷ್ಟಕ್ಕೆ ತಾನೇ ಮೆಲ್ಲಗೆ ಮೇಲೆದ್ದಿತ್ತು. ಅವಳು ರಸ್ತೆಯತ್ತ ತಿರುಗಿದಳು. ಬಲು ದೂರದಲ್ಲಿ, ಅವಳಿನ್ನೂ ಗಮನಿಸದಿದ್ದ ಸಿಗ್ನಲ್ಲು ಕೆಂಪಾಗಿತ್ತು. ಅವಳೂ ಕಾಲೆತ್ತಿದಳು.