ಕತ್ತರಿ ಅತ್ತೆಯ ಎಡಬಲ

ನನ್ನ ಕಣ್ಣಾಣೆ, ಇದು ನಡೆದದ್ದೇ. ಸುಳ್ಳಾದರೆ ನನ್ನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಳ್ಳಲಿ.

ಮೀನುಮರಿ ಸಾಕುವ ಕೇಂದ್ರದಲ್ಲಿ ಕತ್ತರಿ ಅತ್ತೆಗೆ ಮೂವತ್ತು ವರ್ಷದ ಹೆಸರು. ತಣ್ಣನೆ ಹೊಳೆಗೆ ಬಿಡುವ ಮರಿಗೆ ಹೊಟ್ಟೆಯಡಿಯ ಎಡ ರೆಕ್ಕೆ, ಬೆಚ್ಚನೆ ಹೊಳೆಯದಕ್ಕೆ ಬಲ ರೆಕ್ಕೆ ಚೂರು ಕತ್ತರಿಸುವುದು ಅವಳ ಕೆಲಸ. ಮರಿಗಳು ಕಡಲಿಗಿಳಿದು, ನಾಲ್ಕು ವರ್ಷಕ್ಕೆ ಬಿಟ್ಟ ಹೊಳೆಗೇ ಮರಳುತ್ತವೆ. ಯಾವುದು ಎಲ್ಲಿಯದೆಂದು ಆಗ ರೆಕ್ಕೆಯೇ ಹೇಳಬೇಕು.

ಈ ಸಲ ತಣ್ಣನೆ ಹೊಳೆಯ ಜಲಪಾತದ ಕೆಳಗೆ, ಮರಳಿದವನ್ನು ತಡೆದು ಎಣಿಸುವ ಮೀನುಬಾಗಿಲಲ್ಲಿ ಬಲೆ ಎತ್ತಿದರೆ ಎಲ್ಲವೂ ಬಲ ರೆಕ್ಕೆ ಕತ್ತರಿಸಿದವೇ!

"ನೂರಕ್ಕೆ ನಾಲ್ಕು ದಾರಿ ತಪ್ಪೋದು ಸಹಜ. ಎಲ್ಲಾನೂ ತಪ್ಪಿವೆ ಅಂದ್ರೆ ಇಲ್ಲಿಯವು ಒಂದೂ ಉಳಿದಿಲ್ಲ," ಎಂದರು ಕೇಂದ್ರದ ಮುಖ್ಯಸ್ಥೆ ಮೇಡಂ. "ಇವನ್ನ ಬೆಚ್ಚನೆ ಹೊಳೆಗೆ ಸಾಗಿಸಿ. ನಾಳೆಯಿಂದ ಈ ಬಾಗಿಲು ಮುಚ್ಚಿಬಿಡೋಣ."

ಅತ್ತೆ ಒಂದು ಮೀನನ್ನು ಅಂಗಾತ ಮಾಡಿದಳು. ಬಲ ರೆಕ್ಕೆ ಅವಳ ಎಡಗೈಗೆ ಬಂತು! ಹೇಳಿದರೆ ಕತ್ತರಿ ಹೋಗುತ್ತದೆ. ಹೇಳದಿದ್ದರೆ ಮೊಟ್ಟೆ ತುಂಬಿದ ಈ ಮೀನುಗಳು ಬೆಚ್ಚನೆ ನೀರಲ್ಲಿ ಸಾಯುತ್ತವೆ.

"ಸುಮ್ನಿರಿ ಅತ್ತಿಗೆ," ತೊಟ್ಟಿ ತೊಳೆಯುತ್ತಿದ್ದ ನಾದಿನಿ ಪಿಸುಗುಟ್ಟಿದಳು. "ಮೀನೇನು ಬಾಯಿ ಬಿಡುತ್ತಾ?"

"ಬಿಡ್ತಾನೇ ಇರುತ್ತೆ ಕಣೇ, ಮಾತು ಬರಲ್ಲ ಅಷ್ಟೆ."

ಮೊದಲ ಡ್ರಮ್ಮು ಲಾರಿಗೆ ಏರಿತು. ಅತ್ತೆಗೆ ತಡೆಯಲಾಗಲಿಲ್ಲ.

"ಮೇಡಂ, ದಾರಿ ತಪ್ಪಿದ್ದು ನಾನು! ನಾಲ್ಕು ವರ್ಷದ ಹಿಂದೆ ಹೊಸ ತಟ್ಟೆ ಕೊಟ್ರಲ್ಲ, ಮರೀನ ಅಂಗಾತ ಮಲಗಿಸೋದು. ನನ್ನ ಎಡಾನೇ ಅದರ ಎಡ ಅಂದ್ಕೊಂಡು ಕತ್ತರಿಸಿಬಿಟ್ಟೆ."

"ಬಾಗಿಲು ಉಳಿಸೋಕೆ ಕಥೆ ಕಟ್ತೀರಾ ಅತ್ತೆ?"

"ಜಲಪಾತಕ್ಕೆ ಬಿಟ್ಟು ನೋಡಿ. ಬೆಚ್ಚನೆ ಹೊಳೆಯದು ಮೊಣಕಾಲೆತ್ತರಾನೂ ಹಾರಲ್ಲ. ಇಲ್ಲಿ ಹಾರಲಾರದ್ದು ಮೇಲೆ ಹೋಗಿ ಮೊಟ್ಟೆ ಇಡಲೇ ಇಲ್ಲ. ಹಾರಿದ್ದರ ಮಕ್ಕಳು ಮೊಮ್ಮಕ್ಕಳೇ ಇವೆಲ್ಲ."

ಮೇಡಂ ಜಲಪಾತದ ಮೇಲಿನ ಕಾಲುಸೇತುವೆ ಹತ್ತಿ ನಿಂತರು. ಕೆಳಗೆ ಅತ್ತೆ ಒಂದು ಮೀನು ಬಿಟ್ಟಳು. ಹಾರಿತು, ಬಿತ್ತು. ಮತ್ತೆ ಹಾರಿತು, ಬಂಡೆಗೆ ಬಡಿದು ಬಿತ್ತು. ಮೂರನೆಯ ಸಲ ನೋಡಿ! ಜಲಪಾತ ದಾಟಿ, ಸೇತುವೆ ದಾಟಿ, ಮೇಡಂ ಮೂಗಿನ ಮೇಲಿದ್ದ ಕನ್ನಡಕವನ್ನೂ ಕಚ್ಚಿಕೊಂಡು ಮೇಲಿನ ಮಡುವಿಗೆ ಬಿತ್ತು.

"ಡ್ರಮ್ಮು ಇಳಿಸಿ," ಎಂದರು ಮೇಡಂ, ಗಾಳಿಯಲ್ಲಿ ಕೈಯಾಡಿಸುತ್ತಾ. "ಬಾಗಿಲು ತೆಗೀರಿ."

ಬಾಗಿಲು ಉಳಿಯಿತು. ಕತ್ತರಿ ಮಾತ್ರ ನಾದಿನಿಯ ಕೈಸೇರಿ, ಅತ್ತೆಗೆ ತೊಟ್ಟಿ ತೊಳೆಯುವ ಬ್ರಷ್ಷು ಬಂತು.

ನಗಬೇಡಿ. ಒಬ್ಬರನ್ನು ಎದುರಿಗೆ ಅಂಗಾತ ಮಲಗಿಸಿ, ಯೋಚಿಸದೆ ಅವರ ಎಡಗೈ ಹಿಡಿಯಿರಿ ನೋಡೋಣ. ತಪ್ಪಿದಿರಾ? ಹಾಗಾದರೆ ಬನ್ನಿ, ಅತ್ತೆಗೆ ತೊಳೆಯಲು ಇನ್ನೂ ಆರು ತೊಟ್ಟಿ ಬಾಕಿ ಇವೆ.